ಬಿಳಿ ಬಟ್ಟೆ, ಇಪ್ಪತ್ತನಾಲ್ಕು ಗಿಡ

ಮಾರ್ಚ್ 4, ಮಂಗಳವಾರ

ಲೀಲಾ ಮೈಸೂರಿನಲ್ಲಿ ತಂಗಿ ವಿಜಯಾ ಮನೆ ತಲುಪಿದಳಂತೆ. ನನ್ನ ಹೆಂಡತಿಯ ಸುದ್ದಿ ನನಗೇ 'ಅಂತೆ' ಹಚ್ಚಿಕೊಂಡು ಬರುವ ಕಾಲ. ಫೋನ್ ಬಂದದ್ದು ಮಗಳು ಅಪರ್ಣಾಗೆ. ನಾನು ಪಕ್ಕದಲ್ಲೇ ಕೂತಿದ್ದೆ.

"ಅಪ್ಪ ಇಲ್ಲೇ ಇದ್ದಾರೆ, ಕೊಡ್ಲಾ?" ಎಂದಳು ಅಪರ್ಣಾ. ತಕ್ಷಣ ಆ ಕಡೆ ಸಿಗ್ನಲ್ ಹೋಯಿತು. ಲೀಲಾ ಕೈಯಲ್ಲಿ ಸಿಗ್ನಲ್ಲೂ ಹೇಳಿದಂತೆ ಕೇಳುತ್ತದೆ.

ಈ ನೋಟ್‌ಬುಕ್ಕನ್ನು ಮೂಲೆಯ ಕೊಂಬಿನಿಯಲ್ಲಿ ಕೊಂಡೆ. ಹಗಲೂ ರಾತ್ರಿ ತೆರೆದಿರುವ ಅಂಗಡಿ. ಕೊಂಬೂ ಇಲ್ಲ, ಬಾಲವೂ ಇಲ್ಲ, ಹೆಸರು ಮಾತ್ರ ಕೊಂಬಿನಿ. ಈ ಜೋಕನ್ನು ಕೌಂಟರಿನ ಹುಡುಗಿಗೆ ಹೇಳಿದೆ. ಬಾಗಿ ನಮಸ್ಕರಿಸಿ ಚೀಲ ಬೇಕೇ ಎಂದು ಕೇಳಿದಳು. ಹಾಸನದ ಮಾರುಕಟ್ಟೆಯಲ್ಲಿ ಮೂವತ್ತೈದು ವರ್ಷ ಆಲೂಗೆಡ್ಡೆ ಹರಾಜು ಕೂಗಿದ ಗಂಟಲು ಇದು. ಮಗಳಿರುವ ಈ ಯೋಕೋಹಾಮಾದಲ್ಲಿ ಇದಕ್ಕೆ ಕೆಲಸವಿಲ್ಲ. ಅಪರ್ಣಾ ಬೆಳಗ್ಗೆ ಏಳಕ್ಕೆ ಕಾವಾಸಾಕಿಯ ಆಫೀಸಿಗೆ ಹೊರಟರೆ ಕತ್ತಲಾದ ಮೇಲೆ ಬರುತ್ತಾಳೆ. ಅಲ್ಲಿಯವರೆಗೆ ನನ್ನ ಮಾತುಕತೆ ರೈಸ್ ಕುಕ್ಕರ್ ಜೊತೆ. ಅದೂ ಜಪಾನೀಸಿನಲ್ಲೇ ಉತ್ತರ ಕೊಡುತ್ತದೆ.

ಲೀಲಾ ಮುನಿಸಿಕೊಂಡು ಹೋದ ಜಗಳದ ಕಾರಣ ಬರೆದಿಡುತ್ತೇನೆ. ಆಲೂಗೆಡ್ಡೆಗೆ ಇಲ್ಲಿ ಜಗಾಯಿಮೋ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಜಗಳಾಯಿಮೋ ಆಯಿತು. ಅಪರ್ಣಾ ಮನೆಯಿಂದ ಕಾಲು ಗಂಟೆ ನಡೆದರೆ ಬಾಡಿಗೆ ತೋಟಗಳಿವೆ. ಊರಿನವರು ಒಂದೊಂದು ತುಂಡು ಹಿಡಿದು ತರಕಾರಿ ಬೆಳೆಯುತ್ತಾರೆ. ಅಮ್ಮನಿಗೆ ಹೊತ್ತು ಹೋಗಲಿ ಎಂದು ಅಪರ್ಣಾ ಒಂದು ತುಂಡು ಹಿಡಿದಿದ್ದಾಳೆ. ಫೆಬ್ರವರಿಯಲ್ಲಿ ಅಲ್ಲಿ ಮಡಿ ಅಗೆಯುತ್ತಿದ್ದೆವು. ನನಗೆ ಬೇಸರವಾಯಿತು. ಗುದ್ದಲಿ ಬಿಟ್ಟು ಮಣ್ಣಿನ ಮೇಲೆ ಧೊಪ್ಪನೆ ಬಿದ್ದು ಕಣ್ಣು ಮುಚ್ಚಿದೆ.

ಲೀಲಾ ಬಂದು "ರೀ" ಅಂದಳು. ಆಮೇಲೆ ಬೇರೆ ಥರ "ರೀ" ಅಂದಳು. ಹತ್ತು ಎಣಿಸಿ ಏಳೋಣ ಎಂದುಕೊಂಡಿದ್ದೆ. ಆದರೆ ಅಷ್ಟು ಚೆನ್ನಾಗಿ ನಡೆಯುತ್ತಿದ್ದ ನಾಟಕವನ್ನು ಮಧ್ಯದಲ್ಲಿ ನಿಲ್ಲಿಸಲು ಯಾವ ಕಲಾವಿದನಿಗೆ ಮನಸ್ಸು ಬರುತ್ತದೆ? ಪಕ್ಕದ ತುಂಡಿನ ಒಗಾತಾ ಸಾನ್ ಆಂಬುಲೆನ್ಸ್ ಕರೆದುಬಿಟ್ಟರು. ಹೆಸರಿಗೆ ಸಾನ್ ಸೇರಿಸುವುದು ಇಲ್ಲಿನ ಮರ್ಯಾದೆ. ಎಂಬತ್ತು ದಾಟಿದ ಮುದುಕಿ, ಕೈ ಮಾತ್ರ ಚುರುಕು. ಹೆಲ್ಮೆಟ್ ಹಾಕಿಕೊಂಡ ಮೂವರು ಓಡಿಬಂದಾಗ ಎದ್ದು ಕೂತು "ಕಾಫಿ ಆಯ್ತಾ?" ಅಂದೆ.

ಹಾಸನದಲ್ಲಾಗಿದ್ದರೆ ನಾಲ್ಕು ಬೈದು, ನಕ್ಕು, ಕಾಫಿ ಕುಡಿದು ಹೋಗುತ್ತಿದ್ದರು. ಇಲ್ಲಿ ಮೂವರೂ ನಾನು ಬದುಕಿರುವುದಕ್ಕೆ ಬಾಗಿ ನಮಸ್ಕರಿಸಿ ಹೋದರು. ಅಪರ್ಣಾ ಆಫೀಸ್ ಬಿಟ್ಟು ಬಂದು ತೋಟದವರಿಗೆಲ್ಲ "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳಿದಳು. ನಾನು "ಸುಮ್ನಿರ್ಮಾಸೆನ್" ಅಂದೆ. ಅದಕ್ಕೂ ಯಾರೂ ನಗಲಿಲ್ಲ.

ಆವತ್ತಿನಿಂದ ಲೀಲಾ ನನ್ನ ಹತ್ತಿರ ಮಾತಾಡಿಲ್ಲ. ಆದರೆ ಮಧ್ಯಾಹ್ನ ಊಟವಾಗಿ ನಾನು ಅಡ್ಡಾದಾಗ ಮೆಲ್ಲಗೆ ಬಂದು ಮೂಗಿನ ಕೆಳಗೆ ಬೆರಳು ಹಿಡಿಯುತ್ತಿದ್ದಳು. ನನಗೆ ಎಚ್ಚರವೇ ಇರುತ್ತಿತ್ತು. ಉಸಿರು ಬಿಗಿಹಿಡಿದು ಎಂಟರವರೆಗೆ ಎಣಿಸುತ್ತಿದ್ದೆ. ಬೆರಳು ನಡುಗಲು ಶುರುವಾದಾಗ ಬಿಡುತ್ತಿದ್ದೆ. ಒಳ್ಳೇ ಮಜಾ.

ಮಾರ್ಚ್ 12, ಬುಧವಾರ

ತೋಟಕ್ಕೆ ಹೋಗಿ ಬಂದೆ. ಮಣ್ಣು ಮಾತ್ರ ಕಾಣುತ್ತದೆ, ಅದೂ ಮಡಿಗೆ ಹೊದಿಸಿದ ಕಪ್ಪು ಪ್ಲಾಸ್ಟಿಕ್ಕಿನ ತೂತುಗಳಲ್ಲಿ.

ಹೋಗುವ ಮುಂಚೆ ಲೀಲಾನೇ ನಾಟಿ ಮಾಡಿದಳು. ಇನ್ನೂ ಚಳಿ, ಎರಡು ವಾರ ತಡೆಯಿರಿ ಎಂದು ಒಗಾತಾ ಸಾನ್ ಕೈಸನ್ನೆ ಮಾಡಿದ್ದರು. ಲೀಲಾ ಕೇಳಲಿಲ್ಲ. "ಹಾಕೇ ಹೋಗ್ತೀನಿ ಕಣೇ. ನಿಮ್ಮಪ್ಪನ್ನ ನಂಬ್ಕೊಂಡ್ರೆ ಗೆಡ್ಡೆ ಬದ್ಲು ಗೋಲಿ ಹೂಳ್ತಾರೆ" ಎಂದು ಅಪರ್ಣಾಗೆ ಹೇಳಿದಳು, ನನ್ನೆದುರೇ, ನಾನೊಂದು ಗೋಡೆ ಅನ್ನುವ ಹಾಗೆ.

ಕತ್ತರಿಸಿದ ಬಿತ್ತನೆ ಗೆಡ್ಡೆಗೆ ಬೂದಿ ಹಚ್ಚುವುದು ಅವಳ ತವರಿನ ಪದ್ಧತಿ. ನೋಡಿದರೆ ಒಗಾತಾ ಸಾನ್ ಡಬ್ಬದಲ್ಲೂ ಬೂದಿ! ಇಬ್ಬರೂ ಒಬ್ಬರ ಕೈ ಒಬ್ಬರು ನೋಡಿಕೊಂಡು ನಕ್ಕರು. ಕುಕ್ಕರಗಾಲಲ್ಲಿ ಕೂತು ಬೂದಿಗೈಯಲ್ಲೇ ಒಂದು ಗಂಟೆ ಹರಟಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ನಾನು ಅತ್ತಿತ್ತ ಓಡಾಡಿದೆ, ಯಾರೂ ಕೂರಿ ಅನ್ನಲಿಲ್ಲ.

ಇಪ್ಪತ್ತನಾಲ್ಕು ಗಿಡ. ಜೂನ್ ಹದಿನಾಲ್ಕಕ್ಕೆ ಅವಳ ವಾಪಸ್ ಟಿಕೆಟ್. ನಿನ್ನೆ ಅಪರ್ಣಾ ತೀರ್ಪು ಓದಿದಳು. "ಅಮ್ಮ ಏನ್ ಹೇಳಿದ್ರು ಗೊತ್ತಾ ಅಪ್ಪ? ಜೀವಮಾನದಲ್ಲಿ ಒಂದು ಕೆಲ್ಸನಾದ್ರೂ ತಮಾಷೆ ಮಾಡ್ದೆ ಮಾಡ್ಲಿ. ಆ ಗಿಡ ನೋಡ್ಕೊಳ್ಲಿ. ಆಮೇಲೆ ಬರೋದರ ವಿಚಾರ ಮಾಡ್ತೀನಿ, ಅಂತ."

"ಟಿಕೆಟ್ ಆಗಿದ್ಯಲ್ಲ?"

"ಕ್ಯಾನ್ಸಲ್ ಕೂಡ ಆಗುತ್ತೆ ಅಪ್ಪ. ಸೀರಿಯಸ್ಲಿ."

ಲೀಲಾ ಹೋದಾಗಿನಿಂದ ಕ್ಷೌರ ಮಾಡಿಲ್ಲ. ಅವಳ ಗೆಡ್ಡೆ ನೆಲದೊಳಗೆ, ನನ್ನ ಗಡ್ಡ ನೆಲದ ಮೇಲೆ. ಯಾವುದು ಮೊದಲು ಬೆಳೆಯುತ್ತದೋ ನೋಡೋಣ.

ಮಾರ್ಚ್ 29, ಶನಿವಾರ

ಬಂದವು!! ಹದಿನೇಳು ಚಿಗುರು. ಮುದುಡಿದ ಎಲೆ, ಕಡು ಹಸಿರು, ಮಣ್ಣನ್ನೇ ಟೋಪಿ ಮಾಡಿಕೊಂಡು ಎದ್ದಿವೆ. ಪ್ಲಾಸ್ಟಿಕ್ಕಿನ ಕಾವಿಗೆ ಇಡೀ ತೋಟದಲ್ಲಿ ನಮ್ಮವೇ ಮೊದಲು. ತಡೆಯಲಾಗಲಿಲ್ಲ, ಸುತ್ತ ಯಾರೂ ಇಲ್ಲವೆಂದು ನೋಡಿ ಗಂಟಲು ತೆರೆದೆ. "ಹಾಸನದ ಮಾಲು, ಯೋಕೋಹಾಮಾದ ಮಣ್ಣು, ಒಂದು ಸಲ... ಎರಡು ಸಲ..."

ಕಾಗೆಯೊಂದು ಕೂಗಿತು. ಅದಕ್ಕೇ ಮಾರಿದೆ.

ಅಪರ್ಣಾ ಫೋಟೋ ಕಳಿಸಿದಳು. ಮೈಸೂರಿನಿಂದ ಹೆಬ್ಬೆರಳು ಎತ್ತಿದ ಗುರುತು ಬಂತು. ನನಗಲ್ಲ, ಗಿಡಕ್ಕೆ.

ಏಪ್ರಿಲ್ 6, ಭಾನುವಾರ

ಇವತ್ತು ಬರೆಯಲೇಬೇಕು. ಈ ದೇಶದಲ್ಲಿ ನನಗೊಬ್ಬರು ಜೋಡಿ ಸಿಕ್ಕಿದರು!

ಸಂಜೆ ತೋಟದಲ್ಲಿದ್ದೆ. ಇಪ್ಪತ್ತನಾಲ್ಕೂ ಗಿಡ ಗೇಣುದ್ದ ಬಂದಿವೆ. ಒಗಾತಾ ಸಾನ್ ಬಂದರು. ನಾನು ಅವರಿಗೆ ಒಗಟು ಸಾನ್ ಎನ್ನುತ್ತೇನೆ, ಮುಖದಲ್ಲಿ ಏನೂ ಗೊತ್ತಾಗುವುದಿಲ್ಲ. ಎರಡು ಕೈಯಲ್ಲಿ ಒಂದು ಮಡಿಸಿದ ಬಟ್ಟೆ ಹಿಡಿದಿದ್ದರು. ಬೆಳ್ಳಗೆ, ತೆಳ್ಳಗೆ. ತಲೆ ಬಾಗಿಸಿ ನನಗೆ ಕೊಟ್ಟರು. ಬಿಡಿಸಿ ನೋಡಿದರೆ ಆಳುದ್ದಕ್ಕಿಂತ ಉದ್ದ. ಅವರು ಆಕಾಶ ತೋರಿಸಿದರು. ನೆಲ ತೋರಿಸಿದರು. ಮೈ ನಡುಗಿಸಿದರು.

ಎರಡು ನಿಮಿಷ ತಬ್ಬಿಬ್ಬಾದೆ. ಆಮೇಲೆ ಹೊಳೆಯಿತು. ಇದೇ ಜಾಗದಲ್ಲಲ್ಲವೇ ನಾನು ಸತ್ತದ್ದು! ಬಿಳಿ ಬಟ್ಟೆ ಹೊದಿಸದೆ ನಮ್ಮ ಕಡೆ ಯಾರನ್ನು ಸಾಗಿಸುತ್ತಾರೆ? 'ಮೇಲಕ್ಕೆ ಹೋಗುವವನೇ, ನೆಲಕ್ಕೆ ಬಿದ್ದವನೇ, ನಡುಗಿಸಿದವನೇ, ತಗೋ ನಿನ್ನ ಹೊದಿಕೆ.' ಏಳು ವಾರ ಕಾದು ಕೊಟ್ಟ ಉತ್ತರ! ಎಷ್ಟು ತಾಳ್ಮೆ, ಎಷ್ಟು ಗಂಭೀರ ಮುಖ!

ಅಂಥವರನ್ನು ಬರಿಗೈಯಲ್ಲಿ ಕಳಿಸಬಾರದು. ಬಟ್ಟೆಯನ್ನು ಪಂಚೆಯಂತೆ ಸುತ್ತಿ, ತುದಿಯನ್ನು ತಲೆಗೆ ಮುಂಡಾಸು ಮಾಡಿ, ಎರಡೂ ಕೈ ಚಾಚಿ ಮಡಿಯ ನಡುವೆ ಬೆದರುಬೊಂಬೆಯಾಗಿ ನಿಂತೆ. ನಾಲಿಗೆಯನ್ನೂ ಹೊರಗೆ ಹಾಕಿದೆ. ಒಗಾತಾ ಸಾನ್ ಬಹಳ ಹೊತ್ತು ನೋಡಿದರು. ನಗಲಿಲ್ಲ. ಗಿಡದ ಕಡೆ ಒಮ್ಮೆ ಕೈ ತೋರಿಸಿ, ಮತ್ತೊಮ್ಮೆ ಬಾಗಿ ಹೋದರು. ಕೊನೆಯವರೆಗೂ ಮುಖ ಬಿಟ್ಟುಕೊಡಲಿಲ್ಲ. ಕಲಾವಿದೆ ಅಂದರೆ ಇವರು. "ಅರಿಗಾತೋ" ಎಂದು ಹಿಂದಿನಿಂದ ಧನ್ಯವಾದ ಕೂಗಿದೆ. ಈ ಸಲ ಯಾರಿಗಾಯ್ತೋ ಎನ್ನಲಿಲ್ಲ, ಸರಿಯಾಗಿಯೇ ಹೇಳಿದೆ.

ಬಟ್ಟೆಯನ್ನು ಮನೆಗೆ ತಂದಿದ್ದೇನೆ. ಇದಕ್ಕೆ ಏನು ಮಾರುತ್ತರ ಕೊಡಬೇಕು ಎಂದು ಮೂರು ಯೋಚನೆ ಬಂದಿವೆ. ಬಹಳ ದಿನದ ಮೇಲೆ ಎರಡು ತುತ್ತು ಹೆಚ್ಚು ಉಂಡೆ.

ಏಪ್ರಿಲ್ 9, ಬುಧವಾರ

ಬೆಳಗ್ಗೆ ಆರಕ್ಕೆ ಹೋದೆ. ರಾತ್ರಿ ಚಳಿ ಇತ್ತು, ರಸ್ತೆ ಬದಿಯ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಿತ್ತು. ತೋಟದ ಗೇಟಿನಲ್ಲೇ ನಿಂತುಬಿಟ್ಟೆ.

ಎಲ್ಲರ ಮಡಿಯ ಮೇಲೂ ಬಿಳಿ ಬಟ್ಟೆ. ಅಂಚಿಗೆ ಕಲ್ಲಿಟ್ಟು, ಸಾಲಾಗಿ, ನೀಟಾಗಿ. ತೋಟ ತಗ್ಗಿನಲ್ಲಿದೆ, ಚಳಿ ಇಳಿದು ಅಲ್ಲೇ ಕೂರುತ್ತದೆ. ಎಲ್ಲರಿಗೂ ಗೊತ್ತಿತ್ತು. ನಮ್ಮದೊಂದೇ ಬರಿಮೈ.

ಎಲೆಗಳ ಮೇಲೆ ಹರಳು ಹರಳು. ಬಿಸಿಲು ಬಿದ್ದ ಹಾಗೆ ಹರಳು ಕರಗಿತು, ಎಲೆಯೂ ಕರಗಿತು. ಬಿಸಿನೀರಿಗೆ ಹಾಕಿ ತೆಗೆದ ಸೊಪ್ಪಿನಂತೆ ಜೋತುಬಿತ್ತು. ಹತ್ತು ಗಂಟೆಗೆಲ್ಲ ಕಪ್ಪು. ಇಪ್ಪತ್ತನಾಲ್ಕೂ.

ಸಂಜೆ ಅಪರ್ಣಾಗೆ ಬಟ್ಟೆ ತೋರಿಸಿದೆ.

"ಇದು ಫ್ರಾಸ್ಟ್ ಕವರ್ ಅಪ್ಪ! ಗಿಡಕ್ಕೆ ಹೊದಿಸೋದು. ಒಗಾತಾ ಸಾನ್ ಹೇಳ್ಲಿಲ್ವಾ, ಶಿಮೋ ಬರುತ್ತೆ ಅಂತ? ಶಿಮೋ ಅಂದ್ರೆ ಫ್ರಾಸ್ಟ್."

"ನನಗೆ ಗೊತ್ತಿರೋದು ಶಿಮೊಗ್ಗ ಒಂದೇ."

ಅಪರ್ಣಾ ಕಂಪ್ಯೂಟರ್ ಬ್ಯಾಗ್ ಕೆಳಗಿಟ್ಟು ನನ್ನನ್ನೇ ನೋಡಿದಳು. ಅವಳ ಅಮ್ಮನ ಕಣ್ಣು.

ಏಪ್ರಿಲ್ 10, ಗುರುವಾರ

ಕಪ್ಪು ಗಿಡದ ಫೋಟೋ ಮೈಸೂರಿಗೆ ಹೋಯಿತು. ಕಳಿಸಬೇಡ, ಹಳೆಯ ಹಸಿರು ಫೋಟೋನೇ ಕಳಿಸು ಎಂದು ಬಾಯಿವರೆಗೆ ಬಂದಿತ್ತು. ಅಪರ್ಣಾ ಮುಖ ನೋಡಿ ನುಂಗಿಕೊಂಡೆ.

ಉತ್ತರ ಬಂತು, ವಾಯ್ಸ್ ಮೆಸೇಜು, ಅಪರ್ಣಾಗೆ. ತಿಂಗಳು ದಾಟಿದ ಮೇಲೆ ಲೀಲಾ ದನಿ ಕೇಳಿದ್ದು. "ನಿಮ್ಮಪ್ಪಂಗೆ ಹೇಳು, ಕಾಡಿಗೆ ಚೆನ್ನಾಗಿ ಬಳಿದಿದಾರೆ ಅಂತ. ಗಿಡದ ಮೇಲೂ ಆಟ ಶುರು ಮಾಡ್ಕೊಂಡ್ರಾ? ನಾನಂತೂ ನಂಬಲ್ಲ."

ಮೊದಲು ಹೆಮ್ಮೆಯಾಯಿತು. ನಿಜ ಹೇಳಿದರೂ ಸುಳ್ಳೆನ್ನುವಷ್ಟು ಹೆಸರು ಎಷ್ಟು ಜನ ಮಾಡಿರುತ್ತಾರೆ? ಆಮೇಲೆ ಅಪರ್ಣಾ ಮಲಗಿದಳು. ರೈಸ್ ಕುಕ್ಕರ್ ಏನೋ ಒಂದು ರಾಗ ಹಾಡಿ ಸುಮ್ಮನಾಯಿತು.

ಏಪ್ರಿಲ್ 11, ಶುಕ್ರವಾರ

ಕಿತ್ತು ಹಾಕಿಬಿಡೋಣ ಎಂದು ಹೋದೆ. ನಮ್ಮ ಕಡೆ ಆಲೂಗೆಡ್ಡೆ ಎಲೆ ಕಪ್ಪಾಯಿತು ಅಂದರೆ ಅಂಗಮಾರಿ. ಗಿಡ ಕಿತ್ತು ದೂರ ಎಸೆಯದಿದ್ದರೆ ಪಕ್ಕದ ಹೊಲವನ್ನೂ ತಿನ್ನುತ್ತದೆ. ಇದು ಅಂಗಮಾರಿ ಅಲ್ಲ, ಗೊತ್ತು. ಆದರೆ ಕೈಗೆ ಗೊತ್ತಿರುವುದು ಅದೊಂದೇ.

ಒಂದು ಗಿಡ ಕಿತ್ತೆ. ಎರಡು. ಐದನೆಯದನ್ನು ಎಳೆದು ಆರನೆಯದರ ಕುತ್ತಿಗೆ ಹಿಡಿದಾಗ ಮಣಿಕಟ್ಟಿನ ಮೇಲೆ ಒಂದು ಒಣಗಿದ ಕೈ ಬಿತ್ತು.

"ಮತ್ತೆ, ಮತ್ತೆ!"

ಅವರಲ್ಲಿ ಹಾಗೆಂದರೆ ತಾಳು ಎಂದು. ಒಗಾತಾ ಸಾನ್ ಬಿಡಲೇ ಇಲ್ಲ. ಮೊಣಕಾಲೂರಿ ಬುಡದ ಮಣ್ಣು ಸರಿಸಿದರು. ಕಾಂಡವನ್ನು ಉಗುರಿನಲ್ಲಿ ಗೀರಿದರು. ಒಳಗೆ ಹಸಿರು. ಕಪ್ಪು ಎಲೆಯನ್ನು ಮುಟ್ಟಬೇಡ ಎಂದು ಕೈ ಆಡಿಸಿದರು, ಮಣ್ಣನ್ನು ಮತ್ತೆ ಏರಿಸಿದರು, ಮಗುವಿಗೆ ಹೊದಿಕೆ ಸರಿಮಾಡುವ ಹಾಗೆ ತಟ್ಟಿದರು. ಆಮೇಲೆ ನಾನು ಕಿತ್ತ ಐದು ಗಿಡಗಳನ್ನು ನೋಡಿ ಅವುಗಳನ್ನು ಪಕ್ಕಕ್ಕೆ ಸಾಲಾಗಿ ಜೋಡಿಸಿದರು.

ನಾನು ಹಾಸ್ಯ ಮಾಡಿದವನ ಮುಖ ಮಾಡಲು ನೋಡಿದೆ. ಯಾವ ಮುಖ ಬಂತೋ. ಅವರು ಥರ್ಮಾಸಿನಿಂದ ಚಹಾ ಬಗ್ಗಿಸಿ ಕೊಟ್ಟರು. ಹಾಲಿಲ್ಲ, ಸಕ್ಕರೆಯಿಲ್ಲ. ಕುಡಿದೆ.

ಏಪ್ರಿಲ್ 12

ಸಂಜೆ ಹೊದಿಸಿದೆ.

ಏಪ್ರಿಲ್ 13

ಬೆಳಗ್ಗೆ ತೆಗೆದೆ. ಸಂಜೆ ಹೊದಿಸಿದೆ. ಗಾಳಿ. ಕಲ್ಲು ಸಾಲಲಿಲ್ಲ, ಚಪ್ಪಲಿಯನ್ನೂ ಇಟ್ಟೆ. ಬರಿಗಾಲಲ್ಲಿ ಮನೆಗೆ ಬಂದೆ.

ಏಪ್ರಿಲ್ 17, ಗುರುವಾರ

ಒಬ್ಬನೇ ಬಟ್ಟೆ ಹೊದಿಸುವುದು ಕಷ್ಟ. ಈ ತುದಿಗೆ ಕಲ್ಲಿಟ್ಟು ಆ ತುದಿಗೆ ಹೋಗುವಷ್ಟರಲ್ಲಿ ಈ ತುದಿ ಹಾರಿರುತ್ತದೆ. ಮನೆಯಲ್ಲಿ ಬೆಡ್‌ಶೀಟ್ ಮಡಿಸುವಾಗ ಲೀಲಾ ಒಂದು ಕಡೆ, ನಾನೊಂದು ಕಡೆ. ಅವಳು ಜಾಡಿಸಿದಾಗ ನನ್ನ ತುದಿಯನ್ನು ಬೇಕೆಂದೇ ಬಿಡುತ್ತಿದ್ದೆ. ಪ್ರತಿ ಸಲ. ನಲವತ್ತಾರು ವರ್ಷ.

ಎಲೆ ಒಣಗಿ ಉದುರಿತು. ಕಡ್ಡಿ ಮಾತ್ರ ನಿಂತಿದೆ.

ಏಪ್ರಿಲ್ 22, ಮಂಗಳವಾರ

ಕಡ್ಡಿಯ ಬುಡದಲ್ಲಿ ಮಣ್ಣು ಬಿರುಕು ಬಿಟ್ಟಿದೆ. ಎರಡು ಕಡೆ. ಇರುವೆಯೂ ಇರಬಹುದು. ಅಪರ್ಣಾಗೆ ಹೇಳಿಲ್ಲ.

ಏಪ್ರಿಲ್ 24, ಗುರುವಾರ

ಇರುವೆ ಅಲ್ಲ.

ಏಪ್ರಿಲ್ 27, ಭಾನುವಾರ

ಹತ್ತೊಂಬತ್ತು ಗಿಡವೂ ಚಿಗುರಿವೆ. ಒಂದೊಂದರ ಬುಡದಲ್ಲೂ ಐದಾರು ಕವಲು. ಕಿತ್ತ ಐದು ಹೋದವು. ಅವು ಹಿಮಕ್ಕೆ ಹೋದದ್ದಲ್ಲ, ನನ್ನ ಕೈಗೆ.

ಮಧ್ಯಾಹ್ನ ಅಪರ್ಣಾ ಮೈಸೂರಿಗೆ ಫೋನ್ ಮಾಡಿದಳು. "ಅಮ್ಮ ಸ್ಪೀಕರ್‌ನಲ್ಲಿದ್ದಾರೆ. ಮಾತಾಡಲ್ಲ, ಕೇಳಿಸ್ಕೋತಾರಂತೆ. ಟಿಕೆಟ್ ಕ್ಯಾನ್ಸಲ್ ಮಾಡೋಕೆ ಇವತ್ತೇ ಹೇಳ್ತಿದ್ರು. ಅದೇನ್ ಹೇಳ್ಬೇಕೋ ಹೇಳಿ ಅಪ್ಪ."

ವಾರದಿಂದ ಒಂದು ಮಾತು ಹೊಸೆದಿಟ್ಟಿದ್ದೆ, ಹಿಮ ಬಿದ್ದದ್ದನ್ನೂ ಮಾತು ಬಿದ್ದದ್ದನ್ನೂ ಸೇರಿಸಿ. ಎರಡು ಅರ್ಥ, ಪ್ರಾಸ, ಎಲ್ಲ ಇತ್ತು. ಹಾಸನದಲ್ಲಿ ಹೇಳಿದ್ದರೆ ಇಡೀ ಮಾರುಕಟ್ಟೆ ಚಪ್ಪಾಳೆ ತಟ್ಟುತ್ತಿತ್ತು. ಬಾಯಿ ತೆರೆದಾಗ ಬೇರೆಯದೇ ಬಂತು.

"ಲೀಲಾ, ಒಗಾತಾ ಸಾನ್ ಬಟ್ಟೆ ಕೊಟ್ಟಿದ್ರು ಕಣೆ, ಗಿಡಕ್ಕೆ ಹೊದಿಸು ಅಂತ. ನಾನು ಹೆಣದ ಬಟ್ಟೆ ಅಂದ್ಕೊಂಡೆ. ಅವತ್ತು ಬಿದ್ದಿದ್ನಲ್ಲ, ಅದಕ್ಕೆ ಆಟ ಕಟ್ತಿದಾರೆ ಅಂತ ಖುಷಿಯಾಯ್ತು. ಸುತ್ಕೊಂಡು ಕುಣಿದೆ. ಹೊದಿಸ್ಲಿಲ್ಲ. ಹಿಮ ಬಿತ್ತು, ಎಲ್ಲಾ ಸುಟ್ಟೋಯ್ತು. ಕಾಡಿಗೆ ಅಲ್ಲ. ಐದು ಗಿಡ ನಾನೇ ಕಿತ್ಹಾಕ್ದೆ. ಹತ್ತೊಂಬತ್ತು ಚಿಗುರಿದೆ. ಅಷ್ಟೇ."

ಆ ಕಡೆ ವಿಜಯಾ ಮನೆಯ ಫ್ಯಾನಿನ ಸದ್ದು. ಒಂದು ಸಲ. ಅಪರ್ಣಾ ನನ್ನ ನೋಡಿದಳು, ನಾನು ನೆಲ ನೋಡಿದೆ. ಎರಡು ಸಲ.

"ಒಂದೊಂದ್ರಲ್ಲಿ ಎಷ್ಟು ಕವಲು ಬಂದಿದೆ?"

"ಐದು. ಆರು."

"ಎರಡು ಬಿಟ್ಟು ಮಿಕ್ಕಿದ್ದು ತೆಗೀರಿ. ಬುಡಕ್ಕೆ ಒಂದು ಕೈ ಒತ್ತಿ ಹಿಡ್ಕೊಂಡು ಕೀಳ್ಬೇಕು. ದನ ಕಟ್ಟಿದ ಗೂಟ ಕೀಳೋ ಹಾಗೆ ಎಳೀಬೇಡಿ."

"ಹೂಂ."

"ಬುಡಕ್ಕೆ ಮಣ್ಣು ಕೊಡಿ ಆಮೇಲೆ."

ಫೋನ್ ಇಟ್ಟಳು. ಸಿಗ್ನಲ್ ಹೋದದ್ದಲ್ಲ, ಇಟ್ಟದ್ದು. ಟಿಕೆಟ್ ಸುದ್ದಿ ಎತ್ತಲಿಲ್ಲ.

"ಅಪ್ಪ, ಒಂದೂ ಜೋಕ್ ಮಾಡ್ಲಿಲ್ಲ ನೀವು" ಎಂದಳು ಅಪರ್ಣಾ.

"ಮರ್ತೋಯ್ತು" ಅಂದೆ. ನಿಜವಾಗಿಯೂ ಮರೆತಿತ್ತು. ವಯಸ್ಸಾಯಿತು.

ಮೇ 2, ಶುಕ್ರವಾರ

ವಸಂತ ಶುರುವಾಗಿ ಎಂಬತ್ತೆಂಟು ರಾತ್ರಿ ಕಳೆದರೆ ಇನ್ನು ಹಿಮವಿಲ್ಲ ಎಂದು ಇಲ್ಲಿನ ರೈತರ ಲೆಕ್ಕವಂತೆ. ನಿನ್ನೆಗೆ ಮುಗಿಯಿತು. ಒಗಾತಾ ಸಾನ್ ಕ್ಯಾಲೆಂಡರ್ ಹಾಳೆಯನ್ನೇ ಹರಿದು ತಂದು ತೋರಿಸಿದರು.

ಬಟ್ಟೆಯನ್ನು ಒಗೆದು, ಒಣಗಿಸಿ, ವಾಪಸ್ ಕೊಡಲು ಒಯ್ದಿದ್ದೆ. ಜೊತೆಗೆ ಲೀಲಾ ತಂದಿಟ್ಟ ಕಾಫಿಪುಡಿ ಒಂದು ಪೊಟ್ಟಣ. ಇಲ್ಲಿ ಏನು ತೆಗೆದುಕೊಂಡರೂ ಬರಿಗೈಯಲ್ಲಿ ಹಿಂದಿರುಗಿಸಬಾರದು. ಒಬ್ಬನೇ ಮಡಿಸಿದ್ದರಿಂದ ಬಟ್ಟೆ ಮುದ್ದೆಯಾಗಿತ್ತು. ಅವರು ಬಿಡಿಸಿ ಒಂದು ತುದಿ ನನ್ನ ಕೈಗಿಟ್ಟು ಆ ಕಡೆ ಹೋಗಿ ನಿಂತರು. ಜಾಡಿಸಿದರು. ನನ್ನ ಬೆರಳು ಅಭ್ಯಾಸಕ್ಕೆ ಸಡಿಲವಾಯಿತು. ಹಿಡಿದುಕೊಂಡೆ. ಇಬ್ಬರೂ ಹತ್ತಿರ ಬಂದು ತುದಿ ಸೇರಿಸಿದೆವು.

ಆಗ ಅವರು ಬಟ್ಟೆಯನ್ನು ತಲೆಯ ಮೇಲೆ ಹಾಕಿಕೊಂಡು, ಎರಡೂ ಕೈ ಚಾಚಿ, ನಾಲಿಗೆ ಹೊರಗೆ ಹಾಕಿ ಒಂದು ಕ್ಷಣ ನಿಂತರು. ಮತ್ತೆ ತೆಗೆದು, ಏನೂ ಆಗದವರಂತೆ ಮಡಿಸಿ, ಬಾಗಿ ಹೋದರು.

ಗೇಟಿನವರೆಗೂ ನಕ್ಕುಕೊಂಡು ಬಂದೆ. ಯಾರಿಗಾದರೂ ಹೇಳಬೇಕು ಅನ್ನಿಸಿತು. ಮೈಸೂರಿನಲ್ಲಿ ಆಗ ಎಷ್ಟು ಗಂಟೆ ಎಂದು ಎಣಿಸಿದೆ.

ಜೂನ್ 14, ಶನಿವಾರ

ಬಂದಳು. ಏರ್‌ಪೋರ್ಟಿನಲ್ಲಿ ನನ್ನ ಗಡ್ಡ ನೋಡಿ "ಇದ್ಯಾವ ವೇಷ?" ಎಂದು ಅಪರ್ಣಾಗೆ ಕೇಳಿದಳು. ಬ್ಯಾಗನ್ನು ನನ್ನ ಕೈಗೆ ಕೊಟ್ಟಳು.

ಗೆಡ್ಡೆ ಗಡ್ಡದ ಮಾತು ನಾಲಿಗೆ ತುದಿಯಲ್ಲಿತ್ತು, ಮಾರ್ಚಿನಿಂದ ಕಾದಿಟ್ಟದ್ದು. ಬ್ಯಾಗ್ ಭಾರವಿತ್ತು. ಆಮೇಲೆ ಹೇಳಿದರಾಯಿತು ಎಂದು ಬಿಟ್ಟೆ.

ಜೂನ್ 15, ಭಾನುವಾರ

ಬೆಳಗ್ಗೆ ಅಗೆದೆವು. ಲೀಲಾ ಮೊದಲು ಸಾಲಿನ ಉದ್ದಕ್ಕೂ ನಡೆದಳು. ಐದು ಖಾಲಿ ಜಾಗದ ಹತ್ತಿರ ನಿಂತು, ಕಾಲಿನಿಂದ ಮಣ್ಣು ಸಮ ಮಾಡಿ ಮುಂದೆ ಹೋದಳು. ಒಗಾತಾ ಸಾನ್ ಬಂದರು. ಇಬ್ಬರೂ ಕೈ ಹಿಡಿದುಕೊಂಡು ಏನೇನೋ ಹೇಳಿಕೊಂಡರು, ಒಬ್ಬರದು ಕನ್ನಡ, ಒಬ್ಬರದು ಜಪಾನೀಸ್. ಒಗಾತಾ ಸಾನ್ ಕೈ ಚಾಚಿ, ನಾಲಿಗೆ ಹೊರಗೆ ಹಾಕಿ ನನ್ನ ಕಡೆ ತೋರಿಸಿದರು. ಲೀಲಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮೊದಲ ಗಿಡ ಎತ್ತಿದಾಗ ಒಂದೇ ಒಂದು ನಿಂಬೆಹಣ್ಣಿನ ಗಾತ್ರದ್ದು, ಮಿಕ್ಕವು ಚಿಕ್ಕವು. ಹಿಮ ತಿಂದ ಗಿಡ ಇನ್ನೆಷ್ಟು ಕೊಟ್ಟೀತು? ಲೀಲಾ ಅವನ್ನು ಅಂಗೈ ಮೇಲೆ ಉರುಳಿಸಿದಳು. ಆಮೇಲೆ ನನ್ನನ್ನು ನೋಡಿ, ನನ್ನನ್ನೇ, ನೇರವಾಗಿ:

"ಕೊನೇಗೂ ಗೋಲಿನೇ ಹೂತ್ರೇನ್ರೀ?"

ಇದಕ್ಕೆ ನನ್ನ ಹತ್ತಿರ ನಾಲ್ಕು ಉತ್ತರ ಇದ್ದವು. ಹೇಳಲಿಲ್ಲ. ಅವಳ ಮಾತೇ ಚೆನ್ನಾಗಿತ್ತು.

ಮಧ್ಯಾಹ್ನ ಸಿಪ್ಪೆ ಸಮೇತ ಪಲ್ಯ ಮಾಡಿದಳು. ಒಂದು ಡಬ್ಬ ಒಗಾತಾ ಸಾನ್ ಪಾಲು. ಊಟ ಮಾಡಿ ಕಿಟಕಿ ಪಕ್ಕ ಅಡ್ಡಾದೆ. ಅಪರ್ಣಾ ಹೊರಗೆ ಹೋಗಿದ್ದಳು. ಪಾತ್ರೆಯ ಸದ್ದು ನಿಂತಿತು. ಹೆಜ್ಜೆ. ಮೂಗಿನ ಕೆಳಗೆ ಬೆರಳು ಬಂತು, ಉಗುರಿನಲ್ಲಿ ಇನ್ನೂ ಮಣ್ಣಿನ ವಾಸನೆ.

ಉದ್ದಕ್ಕೆ ಉಸಿರು ಬಿಟ್ಟೆ. ಬೆರಳಿಗೆ ಚೆನ್ನಾಗಿ ತಾಗಲಿ ಎಂದು ಇನ್ನೊಂದು. ಮೇಲೆ ಒಂದು ಗೊರಕೆಯನ್ನೂ ಕೊಸರು ಹಾಕಿದೆ.

ಬೆರಳು ಸ್ವಲ್ಪ ಹೊತ್ತು ಅಲ್ಲೇ ಇತ್ತು. ಎಷ್ಟು ಹೊತ್ತೋ, ಎಣಿಸಲಿಲ್ಲ.